ಸ್ವಲ್ಪ ಬುದ್ಧಿ ಹೇಳಿ ಮೇಡಂ

ನಿನ್ನೆ ನಮ್ಮ ಸ್ಕೂಲಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಕಾರ್ಯಕ್ರಮ ಇತ್ತು. ಹತ್ತೂವರೆಗೆ ಅಂತ ಕಾರ್ಡಲ್ಲಿ ಹಾಕಿದ್ದು, ಅತಿಥಿಗಳ ಕಾರು ಬಂದಿದ್ದು ಹನ್ನೊಂದೂ ಮುಕ್ಕಾಲಿಗೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಶಾಲು, ಹಾರ, ಪೇಟ. ಆಮೇಲೆ ಭಾಷಣ. "ಮಕ್ಕಳೇ, ಡಿಪ್ರೆಶನ್ ಅನ್ನೋದು ಕೆಲಸ ಇಲ್ಲದವರ ಕಾಯಿಲೆ. ಮೊಬೈಲ್ ಬಿಡಿ, ಬೆಳಗ್ಗೆ ಐದಕ್ಕೇಳಿ, ಅಪ್ಪ ಅಮ್ಮನ ಮಾತು ಕೇಳಿ." ಇದನ್ನೇ ಮೂರು ಜನ ಮೂರು ಸಲ ಹೇಳಿದರು. ಬೆಳಗ್ಗೆ ಆರಕ್ಕೆ ಬೆಂಗಳೂರಲ್ಲಿ ಬಸ್ ಹತ್ತಿ ಕೋಲಾರಕ್ಕೆ ಬಂದಿದ್ದ ಥೆರಪಿಸ್ಟ್ ಮೇಡಂಗೆ ಸಿಕ್ಕಿದ್ದು ಆರು ನಿಮಿಷ. ವಂದನಾರ್ಪಣೆಗೆ ಒಂಬತ್ತು. ಗಡಿಯಾರ ನೋಡಿಯೇ ಬರೀತಿದ್ದೀನಿ.

ಆ ಆರು ನಿಮಿಷದಲ್ಲಿ ಆಯಮ್ಮ ಹೇಳಿದ್ದು ಇಷ್ಟೇ: "ನನಗೆ ಬುದ್ಧಿ ಹೇಳೋಕೆ ಬರಲ್ಲ. ಊಟ ಆದಮೇಲೆ ಎಂಟು ಹತ್ತು ಮಕ್ಕಳನ್ನ ನನ್ನ ಜೊತೆ ಬಿಡಿ. ಒಂದಷ್ಟು ಜೇಡಿಮಣ್ಣು ಸಿಗುತ್ತಾ ನೋಡಿ." ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ನನ್ನ ಉರಿ ಶುರುವಾಗಿದ್ದು ಅಲ್ಲಿ. ಕೌನ್ಸೆಲಿಂಗಿಗೆ ಕನ್ನಡದಲ್ಲಿ 'ಆಪ್ತ ಸಮಾಲೋಚನೆ' ಅಂತ ಎಷ್ಟು ಚೆಂದದ ಹೆಸರಿಟ್ಟಿದ್ದೀವಿ! ಬೋರ್ಡಲ್ಲಿ ಅದು, ಬಾಯಲ್ಲಿ ಬೇರೆ. "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ." ನಿನ್ನೆ ಕಾರಿಡಾರಲ್ಲೇ ಇಬ್ಬರು ಅಪ್ಪಂದಿರು, ಒಬ್ಬರು ದೊಡ್ಡಮ್ಮ, ನಮ್ಮ ಪಿ.ಟಿ. ಮೇಷ್ಟ್ರು ಆಯಮ್ಮನ ಹತ್ತಿರ ಇದನ್ನೇ ಅಂದರು. ಬುದ್ಧಿ ಹೇಳೋಕೆ ಇಲ್ಲಿ ಜನಕ್ಕೇನು ಬರವಾ? ಅಪ್ಪ ಹೇಳ್ತಾನೆ, ಅಮ್ಮ ಹೇಳ್ತಾಳೆ, ನಾವು ದಿನಕ್ಕೆ ಏಳು ಪೀರಿಯಡ್ ಹೇಳ್ತೀವಿ. ಸಾಲದ್ದಕ್ಕೆ ದುಡ್ಡು ಕೊಟ್ಟು ಬೆಂಗಳೂರಿಂದ ಬೇರೆ ತರಿಸಬೇಕಾ?

ಮಣ್ಣು ತಂದಿದ್ದೂ ಒಂದು ಕತೆ. ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಬಿಡೋದು, ತುಂಬಿದಾಗಿನಿಂದ ನಮ್ಮ ಕೆರೆಯಲ್ಲಿ ಮಣ್ಣು ತೆಗೆಯೋ ಹಾಗಿಲ್ಲ. ಕೊನೆಗೆ ಗಣೇಶ ಮಾಡೋರ ಮನೆಯಿಂದ ಅರ್ಧ ಚೀಲ ಬಂತು. ಎಂಟನೇ ಕ್ಲಾಸ್ ರೂಮಲ್ಲಿ ಬೆಂಚು ಸರಿಸಿ, ನೆಲದ ಮೇಲೆ ಹಳೇ ಪೇಪರ್ ಹಾಸಿ, ಒಂಬತ್ತು ಮಕ್ಕಳು ಕೂತರು. "ಏನು ಮಾಡಬೇಕು ಮೇಡಂ?" "ಕೈಗೆ ಏನು ಬರುತ್ತೋ ಅದು." ಶಿಸ್ತಿನ ಹೆಸರಲ್ಲಿ ನನ್ನನ್ನೂ ಹಿಂದಿನ ಬೆಂಚಲ್ಲಿ ಕೂರಿಸಿದ್ದರು.

ಒಬ್ಬ ಹುಡುಗ ಇದ್ದಾನೆ. ಹೆಸರು, ಊರು ಹೇಳಲ್ಲ. ಇಷ್ಟನ್ನು ಬರೆಯೋದಕ್ಕೂ ಅವನನ್ನು, ಅವರಮ್ಮನನ್ನು ಕೇಳಿದ್ದೀನಿ. ಜೂನಿಂದ ಕ್ಲಾಸಲ್ಲಿ ಬಾಯಿ ಬಿಟ್ಟವನಲ್ಲ. ಅವನು ಮಣ್ಣಲ್ಲಿ ಒಂದು ಗೂಟ ಮಾಡಿದ. ಆಮೇಲೆ ಮಣ್ಣನ್ನು ಎರಡೂ ಅಂಗೈಲಿ ಹೊಸೆದು ಹೊಸೆದು ಹಗ್ಗ ಮಾಡಿ ಗೂಟಕ್ಕೆ ಸುತ್ತಿದ. ಇನ್ನೊಂದು ತುದಿ ಪೇಪರ್ ಮೇಲೆ ಹಾಗೇ ಬಿದ್ದಿತ್ತು. ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತಿರೋದೇ. "ಹಸು ಮಾಡೋದು ಮರೆತ್ಯೇನೋ?" ಅಂದೇ ಬಿಟ್ಟೆ.

ಆಯಮ್ಮ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಹೋಗಿ ಅವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ತಾವೂ ಒಂದು ಉಂಡೆ ನಾದೋಕೆ ಶುರು ಮಾಡಿದರು. ಎಷ್ಟೋ ಹೊತ್ತಾದಮೇಲೆ, "ಈ ತುದಿ ಬಿಚ್ಚಿಕೊಂಡಿದೆ" ಅಂದರು. ಪ್ರಶ್ನೆ ಅಲ್ಲ, ಕಂಡಿದ್ದನ್ನ ಹೇಳಿದ ಹಾಗೆ. ಮತ್ತೆ ಮಣ್ಣು ನಾದಿದರು. ನನಗಂತೂ ಕೂತಲ್ಲಿ ಕೂರೋಕಾಗ್ತಿಲ್ಲ. ಮಾತಿಲ್ಲದೆ ಐದು ನಿಮಿಷ ಕ್ಲಾಸಲ್ಲಿದ್ದು ಅಭ್ಯಾಸವೇ ಇಲ್ಲ ನೋಡಿ.

"ನೇನೇ ಇಪ್ಪಿನಾನು" ಅಂದ ಹುಡುಗ. ನಾನೇ ಬಿಚ್ಚಿದ್ದು. "ಆವುನಿ ಅಮ್ಮೇಸಿನಾರು." ಹಸು ಮಾರಿಬಿಟ್ಟರು.

ನಮ್ಮ ಕಡೆ ಅರ್ಧ ಮಕ್ಕಳಿಗೆ ಮನೆ ಮಾತು ತೆಲುಗು. ಅಳು, ಸಿಟ್ಟು, ಬೈಗುಳ ಎಲ್ಲ ಅದರಲ್ಲೇ. ಸ್ಕೂಲಿಗೆ ಬಂದರೆ "ಕನ್ನಡದಲ್ಲಿ ಹೇಳೋ" ಅಂತೀವಿ, ಅದನ್ನು ಕಲಿಸೋ ಟೀಚರ್ ನಾನೇ. ಜೇಡಿಮಣ್ಣಿಗೆ ಅದ್ಯಾವುದೂ ಬೇಕಾಗಲಿಲ್ಲ. ಬೋರ್ ಕೊರೆಸಿದ ಸಾಲಕ್ಕೆ ಸೀಮೆಹಸು ಮಾರಿದ್ದಾರೆ. ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಿ ಸ್ಕೂಲಿಗೆ ಬರ್ತಿದ್ದವನು ಇವನು. ಕೊಂಡವರ ಟೆಂಪೋ ಬಂದಾಗ ಹಗ್ಗ ಬಿಚ್ಚಿಸಿದ್ದೂ ಇವನ ಕೈಲೇ, ಬೇರೆಯವರು ಮುಟ್ಟಿದರೆ ಒದೆಯುತ್ತೆ ಅಂತ.

ಈಗ ನನ್ನ ಕರ್ಮ ಹೇಳಿಕೊಳ್ತೀನಿ. ಜೂನಿಂದ ಆ ಹುಡುಗ ಕಿಟಕಿ ಆಚೆ ನೋಡಿಕೊಂಡು ಕೂತಾಗೆಲ್ಲ ನಾನು ಏನಂದಿದ್ದೀನಿ ಗೊತ್ತಾ? "ಓದೋಕಾಗದಿದ್ರೆ ದನ ಕಾಯೋಕೆ ಹೋಗು." ಒಂದು ಸಲ ಅಲ್ಲ. ಇಪ್ಪತ್ತಮೂರು ವರ್ಷದ ಸರ್ವೀಸಲ್ಲಿ ಎಷ್ಟು ಮಕ್ಕಳಿಗೆ ಅಂದಿದ್ದೀನೋ ಲೆಕ್ಕ ಇಟ್ಟಿಲ್ಲ. ರಾತ್ರಿ ಊಟ ಸೇರಲಿಲ್ಲ. ನಮ್ಮನೆಯವರು "ಏನಾಯ್ತೇ?" ಅಂದಿದ್ದಕ್ಕೆ ಅವರ ಮೇಲೂ ರೇಗಿದೆ.

ಸಂಜೆ ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಾ ಆಯಮ್ಮನ್ನೇ ಕೇಳಿದೆ, ಸುಮ್ಮನೆ ಕೂರೋಕೂ ಓದಬೇಕಾ ಅಂತ. ಬೇಜಾರು ಮಾಡಿಕೊಳ್ಳದೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕತೆ ಹೇಳಿದರು. ರೋಜರ್ಸ್ ಶುರುವಿನಲ್ಲಿ ರಾಚೆಸ್ಟರ್ ಅನ್ನೋ ಊರಲ್ಲಿ ಮಕ್ಕಳ ಜೊತೆ ಹನ್ನೆರಡು ವರ್ಷ, 1940ರ ತನಕ ಕೆಲಸ ಮಾಡಿದವರು. ತುಂಬಾ ತರಲೆ ಹುಡುಗನ ತಾಯಿಯೊಬ್ಬಳಿಗೆ 'ತಪ್ಪು ನಿನ್ನ ಕಡೆ ಇದೆ' ಅನ್ನೋದನ್ನ ನಯವಾಗಿ ಮನವರಿಕೆ ಮಾಡೋಕೆ ಎಷ್ಟೋ ಭೇಟಿ ಹೆಣಗಿದರಂತೆ. ಆಗಲಿಲ್ಲ. ಸೋತು, ಇಲ್ಲಿಗೇ ನಿಲ್ಲಿಸೋಣ ಅಂದರು. ಆಕೆ ಬಾಗಿಲ ತನಕ ಹೋಗಿ ತಿರುಗಿ, "ಇಲ್ಲಿ ದೊಡ್ಡವರನ್ನೂ ನೋಡ್ತೀರಾ?" ಅಂದಳಂತೆ. ವಾಪಸ್ ಬಂದು ಕೂತು ತನ್ನ ಸಂಸಾರದ ಗೋಳನ್ನೆಲ್ಲ ತೋಡಿಕೊಂಡಳು. ಕೊನೆಗೆ ಮಗನೂ ಸುಧಾರಿಸಿದ. ನೋಯೋದು ಎಲ್ಲಿ ಅಂತ ಗೊತ್ತಿರೋದು ನೋವಿರೋರಿಗೇ ಅನ್ನೋದನ್ನ ರೋಜರ್ಸ್ ಕಲಿತಿದ್ದು ಹಾಗೆ. ಎದುರಿಗಿರೋರನ್ನ ಯಾವ ಷರತ್ತೂ ಹಾಕದೆ ಒಪ್ಪಿಕೊಂಡು ಕೂರೋದನ್ನೇ ಅವರು ಒಂದು ವಿದ್ಯೆ ಅಂತ ಬೆಳೆಸಿದರು. ಅದಕ್ಕೆ ಬಣ್ಣ, ಮಣ್ಣು, ಕುಣಿತ, ಹಾಡು ಸೇರಿಸಿದವರು ಅವರ ಮಗಳು ನಟಾಲಿ ರೋಜರ್ಸ್. ಚಿತ್ರ ಚೆನ್ನಾಗಿ ಬಂತಾ ಅಂತ ಅಲ್ಲಿ ಯಾರೂ ನೋಡಲ್ಲ, ಮಾರ್ಕ್ಸೂ ಇಲ್ಲ. ಹುಡುಗ ಏನು ಮಾಡಿದ್ದಾನೋ ಅದರ ಅರ್ಥ ಹೇಳಬೇಕಾದವನು ಅವನೇ. ಹಸು ಎಲ್ಲಿ ಅಂತ ಕೇಳೋ ಅಧಿಕಾರ ನನಗಿರಲಿಲ್ಲ.

"ಇದೆಲ್ಲ ಪಟ್ಟಣದವರ ಶೋಕಿ. ನಮ್ಮಜ್ಜಿ ಕಾಲದಲ್ಲಿ ಕೌನ್ಸೆಲಿಂಗ್ ಇತ್ತಾ?" ಅಂತ ಸ್ಟಾಫ್ ರೂಮಲ್ಲಿ ಆಗಲೇ ಶುರುವಾಗಿದೆ. ಒಪ್ಪಿದೆ, ಇರಲಿಲ್ಲ. ರಾಗಿ ಬೀಸ್ತಾ ಹಾಡಿಕೊಳ್ತಿದ್ದರು, ಭಜನೆಯಲ್ಲಿ ಕೈವಾರ ತಾತಯ್ಯನವರ ಪದ ಹೇಳಿ ಹಗುರಾಗ್ತಿದ್ದರು, ಅದೂ ನಿಜ. ಆದರೆ ನಮ್ಮೂರಲ್ಲಿ ನಾನು ಚಿಕ್ಕವಳಿದ್ದಾಗ ನಾಲ್ಕು ಜನ ಹೆಂಗಸರು ಬಾವಿಗೆ 'ಕಾಲು ಜಾರಿ' ಬಿದ್ದರು. ನಾಲ್ಕೂ ಜನಕ್ಕೆ ಆ ಬಾವಿಯ ಮೆಟ್ಟಿಲು ಕಣ್ಣು ಮುಚ್ಚಿದರೂ ಗೊತ್ತಿತ್ತು. ಅವರಿಗೂ ಊರೆಲ್ಲ ಬುದ್ಧಿ ಹೇಳಿತ್ತು, ಹೊಂದಿಕೊಂಡು ಹೋಗಮ್ಮ ಅಂತ. ಇನ್ನು ಪಟ್ಟಣದ ಕಾಯಿಲೆ ಅನ್ನೋರಿಗೆ: ನಿಮ್ಹಾನ್ಸ್‌ನವರು 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರಲ್ಲ, ಅದನ್ನ ಮೊದಲು ಪರೀಕ್ಷೆ ಮಾಡಿ ನೋಡಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ದೇಶದಲ್ಲಿ ಸುಮಾರು 15 ಕೋಟಿ ಜನಕ್ಕೆ ಮಾನಸಿಕ ಆರೈಕೆ ಬೇಕು ಅಂತ ಆ ಸಮೀಕ್ಷೆ ಹೇಳಿತು. ಎಲ್ಲರೂ ಜಯನಗರದಲ್ಲೇ ಇದ್ದಾರಾ?

ಮಣ್ಣು ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂತ ನಾನೂ ಹೇಳ್ತಿಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆಯೇ ಬೇಕು, ಅದನ್ನ ಆಯಮ್ಮನೇ ಹೇಳಿದರು. ಯಾರಿಗಾದರೂ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ನಂಬರ್ 14416, ದುಡ್ಡು ಕೊಡಬೇಕಿಲ್ಲ, ಮಧ್ಯರಾತ್ರಿ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನಿನ್ನೆ ಹೊರಡೋ ಮುಂಚೆ ಆಯಮ್ಮ ಆ ಹುಡುಗನ ಜೊತೆ ಲೈಬ್ರರಿಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತಿದ್ದರು. ನಮ್ಮ ಹೆಡ್ ಮಾಸ್ಟರು ಕಾಯ್ತಾ ಇದ್ದು, "ಏನಂದ ಮೇಡಂ? ಒಂದು ರಿಪೋರ್ಟ್ ಕೊಟ್ಟರೆ ಫೈಲಿಗೆ ಹಾಕ್ತೀನಿ" ಅಂದರು. "ಜೀವಕ್ಕೆ ಅಪಾಯ ಅನ್ನೋ ಹಾಗಿದ್ರೆ ಖಂಡಿತ ಹೇಳ್ತೀನಿ ಸರ್. ಮಿಕ್ಕಿದ್ದು ಅವನದು" ಅಂದರು. ಹೆಡ್ ಮಾಸ್ಟರ ಮುಖ ನೋಡಬೇಕಿತ್ತು. ಪಾಪ, ಫೈಲ್ ಖಾಲಿ.

ಇವತ್ತು ಶನಿವಾರ, ಬೆಳಗಿನ ಕ್ಲಾಸು. ಗೂಟ ಕಿಟಕಿ ಕಟ್ಟೆ ಮೇಲೆ ಒಣಗ್ತಿತ್ತು, ಹಗ್ಗ ಎರಡು ಕಡೆ ಬಿರುಕು ಬಿಟ್ಟಿತ್ತು. ಹುಡುಗ ಬಂದು ಅದನ್ನು ಬಿಸಿಲಿಂದ ಈಚೆಗೆ ಸರಿಸಿದ. ನನ್ನ ನಾಲಿಗೆ ತುದಿಗೆ "ಇನ್ನಾದ್ರೂ ಚೆನ್ನಾಗಿ ಓದು, ದೊಡ್ಡ ಕೆಲಸ ಹಿಡಿದು ಹತ್ತು ಹಸು ತಗೊಳ್ಳೋವಂತೆ" ಅಂತ ಬಂದೇ ಬಿಟ್ಟಿತ್ತು. ನುಂಗಿಕೊಂಡೆ.

"ತಿಂಡಿ ಆಯ್ತೇನೋ?" ಅಂದೆ.

"ಆಯ್ತು ಮಿಸ್."

ಆಮೇಲೆ ಏನು ಕೇಳಬೇಕೋ ಹೊಳೀಲಿಲ್ಲ. ಅಲ್ಲೇ ನಿಂತಿದ್ದೆ, ಬೆಲ್ ಹೊಡೆಯೋ ತನಕ.