ಕೃಷ್ಣ ಅಂದರೆ ಬರೀ ಐಟಿ ಅಲ್ಲ
ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಐಟಿ ಬೆಳೆಸಿದರು, ಬೆಂಗಳೂರನ್ನು ಸಿಂಗಾಪುರ ಮಾಡಲು ಹೊರಟರು ಅಂತಲೇ ಮುಗಿಸಿಬಿಟ್ಟಿದ್ದೀರಿ. ಅವರು ಮೊದಲು ಕಾನೂನು ಮೇಷ್ಟ್ರು ಅಲ್ವಾ? ಅಮೆರಿಕದಲ್ಲಿ ಓದಿ ಬಂದು ಬೆಂಗಳೂರಿನ ರೇಣುಕಾಚಾರ್ಯ ಲಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ನಿಂತರು. ಎದುರಾಳಿ ಕಾಂಗ್ರೆಸ್ಸಿನವರು, ಅವರ ಪರ ಪ್ರಚಾರಕ್ಕೆ ನೆಹರೂ ಅವರೇ ಬಂದಿದ್ದರು. ಆದರೂ ಗೆದ್ದರು. ಆಗಿನ್ನೂ ಮೂವತ್ತು ತುಂಬಿರಲಿಲ್ಲ, ಸುಮ್ನೆ ಮಾತಲ್ಲ!

ನಮ್ಮಂಥ ಹಳ್ಳಿಯವರಿಗೆ ನೆನಪಿರುವುದು ಅವರು ಮುಖ್ಯಮಂತ್ರಿಯಾಗಿದ್ದಾಗಿನ ಭೂಮಿ ಯೋಜನೆ, ಅಂದರೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ್ದು. ಮೊದಲೆಲ್ಲ ಒಂದು ಪಹಣಿಗೆ ಅಪ್ಪ ವಿಲೇಜ್ ಅಕೌಂಟೆಂಟ್ ಹಿಂದೆ ವಾರಗಟ್ಟಲೆ ಅಲೆಯುತ್ತಿದ್ದರು. ಆಮೇಲೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರುತ್ತಿತ್ತು. ಮೊದಲ ಸಲ ಅಪ್ಪ ಅಲ್ಲೇ ನಿಂತು ಸರ್ವೆ ನಂಬರನ್ನು ಬೆರಳಿಟ್ಟು ಎರಡೆರಡು ಸಲ ಓದಿದ್ದರು. ರೈತರ ಆರೋಗ್ಯ ವಿಮೆ ಯಶಸ್ವಿನಿ, ಶಾಲೆಯ ಬಿಸಿಯೂಟ ಶುರುವಾದದ್ದೂ ಕೃಷ್ಣ ಅವರ ಕಾಲದಲ್ಲೇ.

ಬರಗಾಲದ ವರ್ಷಗಳಲ್ಲಿ ರೈತರ ಕಡೆ ಇನ್ನೂ ಜಾಸ್ತಿ ನೋಡಬೇಕಿತ್ತು ಅನ್ನುವ ತಕರಾರು ನನಗೂ ಇದೆ. 2004ರ ಚುನಾವಣೆಯಲ್ಲಿ ಹಳ್ಳಿಯ ಮತ ಅವರ ಕೈಬಿಟ್ಟದ್ದು ಅದಕ್ಕೇ ಇರಬೇಕು.