ಕಾಲು ಯಾವ ಬಣ್ಣ?

ಚಳಿಗಾಲದಲ್ಲಿ ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಗೆ ಹೋಗುವವರೆಲ್ಲ ಮಂಗೋಲಿಯಾದಿಂದ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ, ಫೋಟೊ ತೆಗೆದು, ನಂಜನಗೂಡಿನಲ್ಲಿ ದೋಸೆ ತಿಂದು ಸುಖವಾಗಿ ಮನೆ ಸೇರುತ್ತಾರೆ. ನನಗೆ ಆ ಯೋಗವಿಲ್ಲ. ನನ್ನ ಕಣ್ಣು ಬಿದ್ದದ್ದು ಕೆಸರಿನಂಚಿನಲ್ಲಿದ್ದ ಗುಬ್ಬಚ್ಚಿ ಗಾತ್ರದ ಒಂದು ಬೂದುಕಂದು ಹಕ್ಕಿಯ ಮೇಲೆ.

ಕೆಸರಿನಲ್ಲಿ ಮೇಯುವ ಪುಟ್ಟ ವಲಸೆ ಹಕ್ಕಿ ಸ್ಟಿಂಟ್ ಎಂಬುದು ಖಾತ್ರಿ. ಯಾವ ಸ್ಟಿಂಟ್? ಸೈಬೀರಿಯಾದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಕೆರೆಗಳಿಗೆ ಬರುವವು ಮುಖ್ಯವಾಗಿ ಎರಡು: ಲಿಟಲ್ ಸ್ಟಿಂಟ್ ಮತ್ತು ಡಚ್ ಪ್ರಾಣಿಶಾಸ್ತ್ರಜ್ಞನೊಬ್ಬನ ಹೆಸರು ಹೊತ್ತ ಟೆಮ್ಮಿಂಕ್ ಸ್ಟಿಂಟ್. ಎರಡೂ 20–30 ಗ್ರಾಂ ತೂಗುವ ಜೀವಗಳು. ಲಿಟಲ್‌ನ ಕಾಲು ಕಪ್ಪು, ಟೆಮ್ಮಿಂಕ್‌ನದು ಹಸಿರು ಬೆರೆತ ಹಳದಿ. ಎಷ್ಟು ಸಲೀಸು! ಪುಸ್ತಕದ ಹಕ್ಕಿಗಳೆಲ್ಲ ಕಾಲು ತೊಳೆದುಕೊಂಡೇ ಚಿತ್ರಕ್ಕೆ ನಿಂತಿರುತ್ತವೆ. ನನ್ನ ಹಕ್ಕಿ ತೊಡೆಯವರೆಗೆ ಕೆಸರು ಮೆತ್ತಿಕೊಂಡಿತ್ತು.

ನಡಿಗೆಯಿಂದಲೂ ಗುರುತಿಸಬಹುದಂತೆ. ಲಿಟಲ್, ಬಸ್ ತಪ್ಪಿದವರಂತೆ ಅತ್ತಿತ್ತ ಓಡುತ್ತದೆ. ಟೆಮ್ಮಿಂಕ್, ಸಾಲ ಕೊಟ್ಟವನನ್ನು ದೂರದಿಂದಲೇ ಕಂಡವರಂತೆ ಮೈ ಕುಗ್ಗಿಸಿ ಸರಿಯುತ್ತದೆ. ಇದು ಎರಡನ್ನೂ ಮಾಡಿತು. ಉಳಿದದ್ದು ಬಾಲ. ಹಾರುವಾಗ ಟೆಮ್ಮಿಂಕ್‌ನ ಬಾಲದ ಅಂಚಿನ ಗರಿಗಳು ಅಚ್ಚ ಬಿಳುಪು. ಹಾರಲಿ ಎಂದು ಅರ್ಧ ಗಂಟೆ ಕಾದೆ. ಅದು ಹಾರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ಬಲಗಾಲಿನ ಚಪ್ಪಲಿ ಕೆಸರಿನ ಪಾಲಾಯಿತು.

ಮೊಣಕೈವರೆಗೆ ತೋಳು ಇಳಿಬಿಟ್ಟು ತಡಕಾಡುತ್ತಿದ್ದಾಗಲೇ ಹಿಂದಿನಿಂದ ಎಮ್ಮೆಗಳು ನೀರಿಗಿಳಿದವು. ತಲೆಯ ಮೇಲೆ 'ಟಿರ್ರ್‌ರ್' ಎಂಬ ಸದ್ದು. ಕತ್ತೆತ್ತುವಷ್ಟರಲ್ಲಿ ಬರೀ ಆಕಾಶ.

"ಏನು ಹುಡುಕುತ್ತಿದ್ದೀರಿ, ಸ್ವಾಮಿ?" ಎಂದ ಎಮ್ಮೆ ಕಾಯುವ ಅಜ್ಜ.

"ಹಕ್ಕಿ."

ಅಜ್ಜ ಕೆಸರಿನೊಳಗಿದ್ದ ನನ್ನ ಕೈಯನ್ನೇ ನೋಡಿದ. "ಅದು ಈಗ ತಾನೇ ಮೇಲೆ ಹೋಯಿತಲ್ಲ. ಬಾಲದ ಎರಡೂ ಅಂಚಿಗೆ ಸುಣ್ಣ ಬಳಿದ ಹಾಗಿತ್ತು."

"ಟೆಮ್ಮಿಂಕ್!" ಎಂದು ಕಿರುಚಿದೆ. ಅಜ್ಜ ಗಾಬರಿಯಿಂದ ತನ್ನ ಎಮ್ಮೆಗಳನ್ನು ಎಣಿಸಿಕೊಂಡ.

ಟಿಪ್ಪಣಿ ಪುಸ್ತಕದಲ್ಲಿ 'ಟೆಮ್ಮಿಂಕ್ ಸ್ಟಿಂಟ್ – 1' ಎಂದು ಬರೆದೆ. 'ನೋಡಿದವರು' ಎಂಬ ಕಡೆ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ನನ್ನ ಹೆಸರನ್ನೇ ಬರೆದುಕೊಂಡೆ. ಚಪ್ಪಲಿ ಸಿಗಲಿಲ್ಲ. ದೋಸೆ ಹೋಟೆಲಿನವರು ಒಳಗೆ ಬಿಡುವ ಮುನ್ನ ಕಾಲು ತೊಳೆಯಲು ಹೇಳಿದರು.