ನೇತ್ರಾಣಿಯ ತಿಳಿನೀರು, ಲೆಸ್ಟರ್‌ಶೈರ್‌ನ ಮಬ್ಬು ನೀರು

ನಾನು ಡೈವಿಂಗ್ ಶುರು ಮಾಡಿದ್ದು ಮುರ್ಡೇಶ್ವರದ ಹತ್ತಿರ, ನೇತ್ರಾಣಿಯಲ್ಲಿ. ನೀರು 28 ಡಿಗ್ರಿ ಆಸುಪಾಸು. ಸಿಲಿಂಡರ್‌ಗೆ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಜೋಡಿಸಿ, ಬೆನ್ನಿಗೆ ಕಟ್ಟಿ, ಕೈ ಹಿಡಿದು ಇಳಿಸುವವರೆಗೂ ಎಲ್ಲಾ ದೋಣಿಯವರೇ ನೋಡಿಕೊಂಡಿದ್ದರು. ಒಳಗೆ ಹೋದ ಮೇಲೆ ಬರೀ ಮೀನು ನೋಡಿದೆ. ಜೊತೆಗಾರ ಎಲ್ಲಿದ್ದಾನೆ ಅಂತ ತಿರುಗಿ ನೋಡಿದ ನೆನಪೇ ಇಲ್ಲ. ನೀರು ತಿಳಿಯಾಗಿದ್ದಾಗ ಎಲ್ಲರೂ ಜೊತೆಗೇ ಇದ್ದಾರೆ ಅನಿಸುತ್ತೆ, ಅಲ್ವಾ?

ಈಗ ಇಂಗ್ಲೆಂಡಿನಲ್ಲಿದ್ದೇನೆ. ಜನವರಿಯಲ್ಲೂ ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್‌ಗೆ ಹೋಗುತ್ತೇವೆ. ಅದೊಂದು ಹಳೆಯ ಗ್ರಾನೈಟ್ ಕ್ವಾರಿ, ಈಗ ನೀರು ತುಂಬಿದೆ. 5 ಡಿಗ್ರಿ ಚಳಿ. ನೀರು ಒಳಗೆ ಬಾರದ ಡ್ರೈಸೂಟ್, ಅದರೊಳಗೆ ದಪ್ಪ ಉಣ್ಣೆ, ತಲೆಗೆ ಹುಡ್. ಆದರೂ ತುಟಿ ಮೊದಲ ನಿಮಿಷಕ್ಕೇ ಜೋಮು ಹಿಡಿಯುತ್ತೆ. ಯಾರೋ ಮುಂದಿನವರ ಕಾಲಿನ ಈಜುರೆಕ್ಕೆ (ಫಿನ್) ತಳಕ್ಕೆ ತಗುಲಿ ಹೂಳು ಎದ್ದರೆ ಮುಗೀತು, ಟಾರ್ಚ್ ಬೆಳಕು ಹಾಲಿನಂಥ ಗೋಡೆಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಕಳೆದ ಚಳಿಗಾಲ ಅಲ್ಲಿ 2000ದಲ್ಲಿ ಬೇಕಂತಲೇ ಮುಳುಗಿಸಿದ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ಹಡಗಿನ ಪಕ್ಕದಲ್ಲಿದ್ದಾಗ ನನ್ನ ರೆಗ್ಯುಲೇಟರ್ ಹೆಪ್ಪುಗಟ್ಟಿತು. ಸಿಲಿಂಡರಿನ ಗಾಳಿ ಒತ್ತಡ ಇಳಿಸಿಕೊಂಡು ಹಿಗ್ಗುವಾಗ ಇನ್ನೂ ತಣ್ಣಗಾಗುತ್ತೆ, ನೀರು ಮೊದಲೇ ತಣ್ಣಗಿದ್ದರೆ ಒಳಗೆ ಮಂಜು ಕಟ್ಟಿ ವಾಲ್ವ್ ತೆರೆದೇ ಉಳಿಯುತ್ತೆ. ಗಾಳಿ ಭರ್ರೋ ಅಂತ ನುಗ್ಗಿತು. ಗುಳ್ಳೆ ಬಿಟ್ಟರೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ನನ್ನ ತೋಳಿನ ಮೇಲೆ ಒಂದು ಕೈ ಬಿತ್ತು, ಇನ್ನೊಂದು ಕೈ ಹಳದಿ ಆಕ್ಟೋಪಸ್, ಅಂದರೆ ಅವನ ಸಿಲಿಂಡರಿನ ಹೆಚ್ಚುವರಿ ಬಾಯಿತುಂಡು, ನನ್ನ ಬಾಯಿಗೆ ಹಿಡಿಯಿತು. ಇಬ್ಬರೂ ಒಂದೇ ಗಾಳಿ ಉಸಿರಾಡಿಕೊಂಡು ನಿಧಾನವಾಗಿ ಮೇಲೆ ಬಂದೆವು. ಜೊತೆಗಾರ ಒಂದು ತೋಳಿನಷ್ಟೇ ದೂರದಲ್ಲಿದ್ದ. ಐದು ತೋಳಿನಷ್ಟು ದೂರ ಇದ್ದಿದ್ದರೆ ಆ ಮಬ್ಬಿನಲ್ಲಿ ನಾನು ಅವನಿಗೆ ಕಾಣುತ್ತಲೇ ಇರಲಿಲ್ಲ.

ಇಲ್ಲಿನವರು ಜಾಸ್ತಿ ಧೈರ್ಯವಂತರು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ನೀರೇ ಪಾಠ ಕಲಿಸುತ್ತೆ. ದಡದಲ್ಲೇ ಒಬ್ಬರ ಬಕಲ್, ವಾಲ್ವ್, ಗೇಜ್ ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಟಾರ್ಚ್ ವೃತ್ತಾಕಾರ ತಿರುಗಿಸಿದರೆ ಸರಿ ಇದ್ದೇನೆ ಅಂತ, ಆಚೀಚೆ ಬೀಸಿದರೆ ತೊಂದರೆ ಅಂತ. ಬೇರೆಯಾದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಇಬ್ಬರೂ ಮೇಲೆ ಬರಬೇಕು. ಇದನ್ನೆಲ್ಲ ಇಳಿಯುವ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ, ಹತ್ತು ವರ್ಷದ ಜೋಡಿಯಾದರೂ ಸರಿ.

ಸರ್ಟಿಫಿಕೇಟ್ ತೆಗೆದುಕೊಂಡು ಸ್ವಂತವಾಗಿ ಇಳಿಯುವ ನಮ್ಮ ಕಡೆಯ ಗೆಳೆಯರಿಗೆ ನನ್ನದೊಂದೇ ಕೋರಿಕೆ: ನೀರು ಬೆಚ್ಚಗಿದೆ, ತಿಳಿಯಾಗಿದೆ ಅಂತ ಇದನ್ನು ಬಿಡಬೇಡಿ. ಈ ಡಿಸೆಂಬರ್‌ನಲ್ಲಿ ತಮ್ಮನ ಜೊತೆ ನೇತ್ರಾಣಿಗೆ ಹೋಗುತ್ತಿದ್ದೇನೆ. ದೋಣಿಯಲ್ಲೇ ಕಣ್ಣು ಮುಚ್ಚಿಕೊಂಡು ನನ್ನ ಆಕ್ಟೋಪಸ್ ಹುಡುಕು ಅಂತ ಅವನಿಗೆ ಹೇಳಲಿದ್ದೇನೆ. ಕೈಗೆ ಸಿಗುವವರೆಗೂ ಇಳಿಯುವುದಿಲ್ಲ.